ಹೊಸ ಆಲ್ಬಮ್ಮಿಗೆ ಸಜ್ಜಾಗಿದ್ದೆವು, ಹಳೆಯವು ಬಂದವು

2022ರ ಜುಲೈ 15ರ ಶುಕ್ರವಾರ ತೈವಾನಿನ ಗಾಯಕ ಹಾಗೂ ಸಂಯೋಜಕ ಜೇ ಚೌ ಅವರ ಹದಿನೈದನೆಯ ಸ್ಟುಡಿಯೊ ಆಲ್ಬಮ್ ಬಿಡುಗಡೆಯಾಯಿತು. ಆಗ ನಾನು ಪೂರ್ವ ಮತ್ತು ಆಗ್ನೇಯ ಏಷ್ಯಾದ ಕೇಳುಗರಿಗೆ ಹಾಡು ಒದಗಿಸುವ ಸ್ಟ್ರೀಮಿಂಗ್ ಸೇವೆಯೊಂದರ ಬೆಂಗಳೂರು ಕಚೇರಿಯಲ್ಲಿ, ಸರ್ವರುಗಳು ಎಷ್ಟು ಹೊರೆ ತಾಳಬೇಕೆಂದು ಲೆಕ್ಕ ಹಾಕುವ ಕೆಪಾಸಿಟಿ ತಂಡದಲ್ಲಿದ್ದೆ. ಅಂದು ನಮ್ಮ ಸೇವೆ ಕುಸಿದದ್ದಕ್ಕೆ ಪೋಸ್ಟ್‌ಮಾರ್ಟಮ್ ವರದಿಯ ‘ಮೂಲ ಕಾರಣ’ದ ಕಾಲಮ್ಮಿನಲ್ಲಿ ಕ್ಯಾಶ್ ಕೀ (ಬೇಗ ಕೊಡಲೆಂದು ಕ್ಯಾಶಿನಲ್ಲಿ ತಾತ್ಕಾಲಿಕವಾಗಿ ಇಟ್ಟ ಫೈಲಿನ ಗುರುತು) ಬದಲಾವಣೆ ಎಂದು ಬರೆದು ಟಿಕೆಟ್ ಮುಚ್ಚಿದ್ದಾರೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಉಳಿದ ಕಾರಣ ಆ ಗಾಯಕರ ವೃತ್ತಿಜೀವನದಲ್ಲಿಯೇ ಇತ್ತು. ಅದನ್ನು ತಿಳಿಯಲು ಯಾವ ಡ್ಯಾಶ್‌ಬೋರ್ಡಿನ ಅಗತ್ಯವೂ ಇರಲಿಲ್ಲ.

ನಾವು ಈ ಬಿಡುಗಡೆಯನ್ನು ಹಗುರವಾಗಿ ತೆಗೆದುಕೊಂಡಿದ್ದೆವು ಎಂದು ಮಾತ್ರ ಯಾರೂ ಭಾವಿಸಬಾರದು. 2019ರ ಸೆಪ್ಟೆಂಬರ್ 16ರ ರಾತ್ರಿ ಹನ್ನೊಂದಕ್ಕೆ ಜೇ ಚೌ ಅವರ ಒಂದೇ ಒಂದು ಹೊಸ ಹಾಡು ಹೊರಬಂದಾಗ ಚೀನಾದ ಕ್ಯೂಕ್ಯೂ ಮ್ಯೂಸಿಕ್‌ನ ಸರ್ವರುಗಳು ಜನರ ನೂಕುನುಗ್ಗಲಿಗೆ ಕೆಲಕಾಲ ಕೈಚೆಲ್ಲಿದ್ದು ನಮ್ಮ ವೃತ್ತಿಯವರೆಲ್ಲರಿಗೂ ಗೊತ್ತಿರುವ ಕಥೆ. ಆ ಹಾಡಿಗೆ ಮೂರು ಯುವಾನ್ ಬೆಲೆಯಿಟ್ಟಿದ್ದರೂ ಜನ ಮುಗಿಬಿದ್ದು ಕೊಂಡಿದ್ದರು. ಆದ್ದರಿಂದ ಹೊಸ ಆಲ್ಬಮ್ಮಿನ ಹನ್ನೆರಡು ಟ್ರ್ಯಾಕುಗಳನ್ನೂ ಎಲ್ಲ ಎಡ್ಜ್‌ಗಳಲ್ಲಿ (ಕೇಳುಗರಿಗೆ ಹತ್ತಿರವಿರುವ ಸರ್ವರುಗಳಲ್ಲಿ) ಹಿಂದಿನ ದಿನವೇ ತುಂಬಿಟ್ಟು ವಾರ್ಮ್ ಮಾಡಿ, ಲಾಗಿನ್ ಸೇವೆಗೆ ಹೆಚ್ಚುವರಿ ಸರ್ವರ್ ಪ್ರತಿಗಳಾದ ಪಾಡ್‌ಗಳನ್ನು ಕೊಟ್ಟು, ಕೃತಕ ಹೊರೆ ಹಾಕಿ ನೋಡುವ ಲೋಡ್ ಟೆಸ್ಟ್‌ನ ಹಸಿರು ಫಲಿತಾಂಶವನ್ನು ಮೇಲಿನವರಿಗೆ ಕಳುಹಿಸಿ, ನಿಶ್ಚಿಂತೆಯಿಂದ ಇದ್ದೆವು. ಅದೇ ಶುಕ್ರವಾರ ಹೊಸ ಕೋಡ್ ಹಾಕುವುದನ್ನು ನಿಲ್ಲಿಸುವ ಡಿಪ್ಲಾಯ್‌ಮೆಂಟ್ ಫ್ರೀಜ್ ಕೂಡ ಇದ್ದುದರಿಂದ ಎಲ್ಲರ ಮುಖದಲ್ಲಿಯೂ ರಜೆಯ ಕಳೆಯಿತ್ತು.

ಯಾವ ಹಾಡಿಗೆ ಎಷ್ಟು ಬೇಡಿಕೆ ಬರುತ್ತದೆಂಬ ಮುನ್ಸೂಚನೆಯ ಶೀಟಿನಲ್ಲಿ ಕ್ವಾಲಾಲಂಪುರ ಕಚೇರಿಯ ಸಂಪಾದಕೀಯ ತಂಡದ ಸಹೋದ್ಯೋಗಿಯೊಬ್ಬರು ಒಂದು ಕಾಮೆಂಟ್ ಹಾಕಿದ್ದರು. ಹಳೆಯ ಆಲ್ಬಮ್ಮುಗಳನ್ನೂ ವಾರ್ಮ್ ಮಾಡಿ, ಬರೀ ಹಿಟ್ ಹಾಡುಗಳನ್ನಲ್ಲ, ಇಡೀ ಆಲ್ಬಮ್ಮುಗಳನ್ನು, ಎಂಬುದು ಅದರ ಸಾರ. ನಾನು ಕ್ಯಾಟಲಾಗಿನ ಹಿಂದಿನ ತೊಂಬತ್ತು ದಿನಗಳ ಕೇಳುವಿಕೆಯನ್ನು ತೆಗೆದು ನೋಡಿದೆ. ಜನಪ್ರಿಯ ಹಾಡುಗಳು ಹೇಗೂ ಕ್ಯಾಶಿನಲ್ಲಿದ್ದವು. 2002ರ ಆಲ್ಬಮ್ಮೊಂದರ ಒಂಬತ್ತನೆಯ ಹಾಡನ್ನು ಯಾರು ಕೇಳುತ್ತಾರೆ ಎಂದುಕೊಂಡು, ಮುನ್ಸೂಚನೆಯ ಮಾಡೆಲ್‌ನ ಅಂಕಿ ಅಂಟಿಸಿ, ಕಾಮೆಂಟನ್ನು ಬಗೆಹರಿದಿದೆ ಎಂದು ‘ರಿಸಾಲ್ವ್’ ಮಾಡಿದೆ. ಅಂಕಿ ಸರಿಯಾಗಿಯೇ ಇತ್ತು, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರವಾಗಿತ್ತು. ಮಾಡೆಲ್ ಕಳೆದ ಮೂರು ತಿಂಗಳುಗಳನ್ನು ನೋಡುತ್ತಿತ್ತು. ಕಾಮೆಂಟ್ ಬರೆದ ಆಕೆ ಇಪ್ಪತ್ತೆರಡು ವರ್ಷಗಳನ್ನು ನೋಡುತ್ತಿದ್ದರು.

ಆ ಇಪ್ಪತ್ತೆರಡು ವರ್ಷಗಳ ಬಗ್ಗೆ ನಾನು ವಿವರವಾಗಿ ಓದಿದ್ದು ಪೆಟ್ಟು ತಿಂದ ಮೇಲೆ. ಜೇ ಚೌ ಹುಟ್ಟಿದ್ದು 1979ರ ಜನವರಿ 18ರಂದು, ತೈಪೆ ಪಕ್ಕದ ಲಿನ್‌ಕೋದಲ್ಲಿ. ತಂದೆ ತಾಯಿ ಇಬ್ಬರೂ ಶಿಕ್ಷಕರು. ತಂದೆ ಜೀವಶಾಸ್ತ್ರ ಕಲಿಸುತ್ತಿದ್ದರೆ ತಾಯಿ ಯೆ ಹುಯಿ-ಮೇ ಚಿತ್ರಕಲೆ ಕಲಿಸುತ್ತಿದ್ದರು. ಮಗನ ಸಂಗೀತದ ಒಲವನ್ನು ಕಂಡು ಪಿಯಾನೊ ತರಗತಿಗೆ ಸೇರಿಸಿದವರು ತಾಯಿಯೇ. ತಂದೆ ತಾಯಿ ಬೇರೆಯಾದಾಗ ಹುಡುಗನಿಗೆ ಹದಿನಾಲ್ಕು ವರ್ಷ. ಟಮ್‌ಕಾಂಗ್ ಶಾಲೆಯ ಸಂಗೀತ ವಿಭಾಗದಲ್ಲಿ ಪಿಯಾನೊ ಮತ್ತು ಚೆಲ್ಲೊ ಅಭ್ಯಾಸ ಮಾಡಿದರೂ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ದಾಟಲಾಗಲಿಲ್ಲ, ಬೆನ್ನುಮೂಳೆಯ ಸಂಧಿವಾತದ ಕಾರಣ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿ ಸಿಕ್ಕಿತು, ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಮಾಣಿಯ ಕೆಲಸ ಹಿಡಿಯಬೇಕಾಯಿತು. ಟಿವಿಯ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಗೆಳೆಯ ಹಾಡುವಾಗ ಇವರು ಪಿಯಾನೊ ನುಡಿಸಿದ್ದರು. ಪ್ರದರ್ಶನವೇನೂ ಗೆಲ್ಲಲಿಲ್ಲ, ನಿರೂಪಕ ಜಾಕಿ ವೂ ಮಾತ್ರ ಪಿಯಾನೊ ಮೇಲಿದ್ದ ಸ್ವರಲಿಪಿಯ ಹಾಳೆಯನ್ನು ನೋಡಿ, ಅದರ ಅಚ್ಚುಕಟ್ಟಿಗೆ ಬೆರಗಾಗಿ, ಹುಡುಗನನ್ನು ಆಲ್ಫಾ ಮ್ಯೂಸಿಕ್‌ಗೆ ಸಂಯೋಜಕನಾಗಿ ಸೇರಿಸಿಕೊಂಡರು. ಬೇರೆಯವರಿಗಾಗಿ ಬರೆದ ಹಾಡುಗಳಲ್ಲಿ ಕೆಲವನ್ನು ದೊಡ್ಡ ತಾರೆಗಳು ಒಲ್ಲೆವೆಂದರು, ಕಡೆಗೆ ತಾವೇ ಹಾಡಿದ ಮೊದಲ ಆಲ್ಬಮ್ 2000ದ ನವೆಂಬರಿನಲ್ಲಿ ಬಂತು. ಮರುವರ್ಷ ಅದಕ್ಕೆ ತೈವಾನಿನ ಗೋಲ್ಡನ್ ಮೆಲಡಿ ಪ್ರಶಸ್ತಿ ಸಿಕ್ಕಿತು. ಎರಡನೆಯ ಆಲ್ಬಮ್ ‘ಫ್ಯಾಂಟಸಿ’ 2002ರಲ್ಲಿ ಐದು ಪ್ರಶಸ್ತಿಗಳನ್ನು ಬಾಚಿಕೊಂಡಿತು.

ಕೆಪಾಸಿಟಿಯ ಲೆಕ್ಕ ಹಾಕುವವನಿಗೆ ಮುಖ್ಯವಾಗಬೇಕಾದದ್ದು ಇದರ ಮುಂದಿನ ಸಂಗತಿ. 2000ದಿಂದ 2008ರವರೆಗೆ ವರ್ಷಕ್ಕೊಂದರಂತೆ ಒಂಬತ್ತು ಆಲ್ಬಮ್ಮುಗಳು ಬಂದವು, ಒಂದು ವರ್ಷವೂ ತಪ್ಪಲಿಲ್ಲ. ಆ ಕಾಲದಲ್ಲಿ ತೈವಾನ್, ಚೀನಾ, ಮಲೇಷ್ಯಾ, ಸಿಂಗಪುರಗಳಲ್ಲಿ ಹೈಸ್ಕೂಲು ಕಾಲೇಜು ಓದಿದವರ ಒಂದೊಂದು ತರಗತಿಗೂ ಒಂದೊಂದು ಆಲ್ಬಮ್ ಇದೆ. ತಾಯಿಯ ಹೆಸರನ್ನೇ ಹೊತ್ತ 2003ರ ಆಲ್ಬಮ್ ಒಬ್ಬರಿಗೆ ಒಂಬತ್ತನೆಯ ತರಗತಿಯಾದರೆ 2004ರದ್ದು ಇನ್ನೊಬ್ಬರಿಗೆ ಪರೀಕ್ಷೆಯ ವರ್ಷ. ಸಿಡಿ ಹಾಕಿ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿದ ಕಡೆಯ ಪೀಳಿಗೆ ಅದು. ಅವರಿಗೆ ಹಾಡುಗಳ ಕ್ರಮವೂ ಬಾಯಿಪಾಠ. 2008ರ ನಂತರ ಬಿಡುವು ಹೆಚ್ಚಿತು: 2010, 2011, 2012, 2014, 2016. ಆಮೇಲೆ ಆರು ವರ್ಷ ಹೊಸ ಆಲ್ಬಮ್ಮೇ ಇಲ್ಲ. ಅಷ್ಟು ದಿನ ಕಾದವರ ಕೈಗೆ 2022ರಲ್ಲಿ ಬಂದ ಹನ್ನೆರಡು ಟ್ರ್ಯಾಕುಗಳಲ್ಲಿ ಐದು ಹಿಂದಿನ ವರ್ಷಗಳಲ್ಲಿಯೇ ಬಿಡಿಯಾಗಿ ಬಿಡುಗಡೆಯಾಗಿದ್ದವು. ಹೊಸದಾಗಿ ಕೇಳಲು ಇದ್ದದ್ದು ಅರ್ಧ ಗಂಟೆಗೂ ಕಡಿಮೆ. ಅದು ಮುಗಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ನಮ್ಮ ತಂಡದಲ್ಲಿ ಒಬ್ಬರೂ ಕೇಳಿಕೊಳ್ಳಲಿಲ್ಲ.

ಬಿಡುಗಡೆಯ ಗಳಿಗೆ ಸಲೀಸಾಗಿ ಕಳೆಯಿತು. ರಿಕ್ವೆಸ್ಟುಗಳು ಊಹಿಸಿದ ಎತ್ತರಕ್ಕೇ ಏರಿ ನಿಂತವು, ವಾರ್ ರೂಮ್ ಕರೆಯಲ್ಲಿ ಒಬ್ಬರಾದ ಮೇಲೊಬ್ಬರು ಶಹಬ್ಬಾಸ್ ಹೇಳಿ ಹೊರಟುಹೋದರು. ಸುಮಾರು ಅರ್ಧ ಗಂಟೆ ಕಳೆದಿರಬೇಕು, ಒಟ್ಟು ಟ್ರಾಫಿಕ್ ಏರದಿದ್ದರೂ ತೈಪೆ ಮತ್ತು ಕ್ವಾಲಾಲಂಪುರ ಎಡ್ಜ್‌ಗಳ ಹಿಟ್ ರೇಶಿಯೋ (ಕೇಳಿದ ಹಾಡು ಅಲ್ಲಿಯೇ ಸಿಗುವ ಪ್ರಮಾಣ) ಇಳಿಯತೊಡಗಿತು. ಅಂಕಿಗಳನ್ನು ಕಳುಹಿಸುವ ಪ್ರೋಗ್ರಾಮಾದ ಮಾನಿಟರಿಂಗ್ ಏಜೆಂಟ್ ಕೆಟ್ಟಿದೆ ಎಂದು ನಾನು ತಿಳಿದೆ, ಏಕೆಂದರೆ ಆ ಏಜೆಂಟ್ ತಿಂಗಳಿಗೊಮ್ಮೆ ಕೆಡುವುದು ನಮ್ಮಲ್ಲಿ ವಾಡಿಕೆ. ಅದನ್ನು ರೀಸ್ಟಾರ್ಟ್ ಮಾಡಿಸುತ್ತ ಕೂತಷ್ಟು ಹೊತ್ತೂ ಮೂಲ ಫೈಲುಗಳಿರುವ ಒರಿಜಿನ್ ಸ್ಟೋರೇಜಿನ ಲೇಟೆನ್ಸಿ (ಉತ್ತರ ಕೊಡುವ ವಿಳಂಬ) ಮೇಲೇರುತ್ತಲೇ ಇತ್ತು. ಅಷ್ಟರಲ್ಲಿ ಲಾಗ್ ನೋಡುತ್ತಿದ್ದ ಕಿರಿಯ ಸಹೋದ್ಯೋಗಿ, “ಸರ್, ಇವು ಹೊಸ ಆಲ್ಬಮ್ಮಿನ ರಿಕ್ವೆಸ್ಟುಗಳಲ್ಲ, ರಿಲೀಸ್ ಇಯರ್ ಕಾಲಮ್ ಒಮ್ಮೆ ನೋಡಿ” ಎಂದ. ಪರದೆಯ ಮೇಲೆ ಸಾಲುಸಾಲಾಗಿ 2003, 2003, 2001, 2004, 2003, 2007, 2000 ಎಂದು ಓಡುತ್ತಿತ್ತು. ಟ್ರ್ಯಾಕ್ ನಂಬರುಗಳೂ ಒಂದರ ಹಿಂದೆ ಒಂದು: ಒಂದು, ಎರಡು, ಮೂರು. ಜನ ಹಿಟ್ ಹಾಡುಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ, ಆಲ್ಬಮ್ಮನ್ನು ಮೊದಲಿನಿಂದ ಹಾಕಿಕೊಂಡು ಕೂತಿದ್ದರು.

ಸಾಧಾರಣ ದಿನವಾಗಿದ್ದರೆ ಇದನ್ನೂ ತಾಳಿಕೊಳ್ಳಬಹುದಿತ್ತು. ಆದರೆ ಕೆಲವೇ ವಾರಗಳ ಹಿಂದೆ ಇಡೀ ಕ್ಯಾಟಲಾಗನ್ನು ಧ್ವನಿಯ ಗುಣ ಕುಗ್ಗಿಸದ ಲಾಸ್‌ಲೆಸ್‌ಗೆ ದಾಟಿಸಿ, ಕ್ಯಾಶ್ ಕೀಯಲ್ಲಿ ಕೋಡೆಕ್ (ಧ್ವನಿಯನ್ನು ಫೈಲಾಗಿಸುವ ವಿಧಾನ) ಹೆಸರನ್ನೂ ಸೇರಿಸಿದ್ದರು. ಹೀಗಾಗಿ ಹೆಚ್ಚು ಹಣ ಕೊಡುವ ಚಂದಾದಾರರು ಕೇಳಿದ ಹಳೆಯ ಹಾಡುಗಳ ಪೈಕಿ ಹೆಚ್ಚಿನವು ಎಡ್ಜ್‌ನಲ್ಲಿ ಇರಲೇ ಇಲ್ಲ, ಪ್ರತಿಯೊಂದೂ ನಿಧಾನಗತಿಯ ಸಂಗ್ರಹವಾದ ಕೋಲ್ಡ್ ಟಿಯರ್‌ನಿಂದ ಎದ್ದು ಬರಬೇಕಾಗಿತ್ತು. ಒಂದೊಂದೂ ಹಳೆಯ ಫೈಲಿಗಿಂತ ಹಲವು ಪಟ್ಟು ದಪ್ಪ. ಬಂದ ಮೇಲೆ ಕ್ಯಾಶಿನಲ್ಲಿ ನಿಲ್ಲಬೇಕಾದರೆ ಬೇರೆ ಯಾವುದನ್ನೋ ಹೊರದೂಡಬೇಕು, ಹೊರಬಿದ್ದದ್ದನ್ನು ಇನ್ನಾರೋ ಕೇಳುತ್ತಾರೆ. ಹಿಂದಿ ಹಾಡು ಕೇಳುತ್ತಿದ್ದ ಸಿಂಗಪುರದ ಗ್ರಾಹಕರಿಂದಲೂ ದೂರು ಬರತೊಡಗಿದಾಗ ಪ್ರಕರಣ ಅತಿ ಗಂಭೀರ ದರ್ಜೆಯ ಸೆವ್ ಒನ್ ಆಯಿತು, ಶಹಬ್ಬಾಸ್ ಹೇಳಿ ಹೋದವರೆಲ್ಲ ಕರೆಗೆ ಮರಳಿದರು.

ಇದರ ಜೊತೆಗೆ ಲಿರಿಕ್ಸ್ ಸೇವೆಯೂ ಮಲಗಿತು. ಅದಕ್ಕೂ ಈ ಗಾಯಕರಲ್ಲಿಯೇ ಕಾರಣವಿದೆ. ಪದಗಳನ್ನು ಬಾಯಲ್ಲೇ ನುಂಗಿ ಹಾಡುತ್ತಾರೆ ಎಂಬುದು ಜೇ ಚೌ ಅವರ ಮೇಲೆ ಮೊದಲ ದಿನದಿಂದಲೂ ಇರುವ ಆಕ್ಷೇಪ. ಚೀನೀ ವಾದ್ಯಗಳ ಎಳೆಯನ್ನು ಆರ್ ಆ್ಯಂಡ್ ಬಿ ಲಯದೊಳಗೆ ಹೆಣೆದು, ಅದರ ಮೇಲೆ ಸಾಲುಗಳನ್ನು ಉಸಿರುಬಿಡದೆ ಉರುಳಿಸುವ ಅವರ ಶೈಲಿ ಹಿರಿಯರಿಗೆ ಗೊಣಗಾಟದಂತೆ ಕೇಳಿದರೆ ಹುಡುಗರಿಗೆ ತಮ್ಮದೇ ಮಾತಿನಂತೆ ಕೇಳಿಸಿತು. ಆ ಸಾಲುಗಳಲ್ಲಿ ದೊಡ್ಡ ಪಾಲು ವಿನ್ಸೆಂಟ್ ಫಾಂಗ್ ಅವರವು. ಕಟ್ಟಡಗಳಿಗೆ ಕಳ್ಳತನ ತಡೆಯುವ ಅಲಾರಂ ಅಳವಡಿಸುವ ಕೆಲಸದಲ್ಲಿದ್ದ ಇವರನ್ನೂ ಜಾಕಿ ವೂ ಅವರೇ ಆರಿಸಿ ತಂದಿದ್ದರು. ಸಾಹಿತ್ಯ ಕಣ್ಣೆದುರಿಗಿಲ್ಲದೆ ಈ ಹಾಡುಗಳನ್ನು ಕೇಳುವವರು ಕಡಿಮೆ. ಹಾಡು ಶುರುವಾದ ಕೂಡಲೇ ಲಿರಿಕ್ಸ್ ಪರದೆ ತೆರೆಯುತ್ತಾರೆ, ಅದು ಬರದಿದ್ದರೆ ಮುಚ್ಚಿ ಮತ್ತೆ ತೆರೆಯುತ್ತಾರೆ, ಒಬ್ಬೊಬ್ಬರೂ ನಾಲ್ಕು ರಿಕ್ವೆಸ್ಟಾಗುತ್ತಾರೆ. ನಮ್ಮ ಲೋಡ್ ಟೆಸ್ಟ್‌ನಲ್ಲಿ ಹತ್ತರಲ್ಲೊಬ್ಬ ಕೇಳುಗ ಲಿರಿಕ್ಸ್ ತೆರೆಯುತ್ತಾನೆ ಎಂದು ಬರೆದಿತ್ತು. ಆ ಸಂಖ್ಯೆಯನ್ನು ಯಾರು ಯಾವಾಗ ಹಾಕಿದರೋ, ಯಾವ ಭಾಷೆಯ ಕೇಳುಗರನ್ನು ನೋಡಿ ಹಾಕಿದರೋ, ಕೋಡಿನ ಸಂಗ್ರಹವಾದ ರೆಪೊ ಕೆದಕಿದರೂ ಪತ್ತೆಯಾಗಲಿಲ್ಲ.

ಮದ್ದು ಬಹಳ ಬೇಗ ಹೊಳೆದಿತ್ತು: ಲಾಸ್‌ಲೆಸ್ ಫ್ಲ್ಯಾಗ್ ಎಂಬ ಸ್ವಿಚ್ಚನ್ನು ಆಫ್ ಮಾಡಿದರೆ ಎಲ್ಲರೂ ಹಳೆಯ ಫೈಲುಗಳಿಗೆ ಮರಳುತ್ತಾರೆ, ಅವುಗಳಲ್ಲಿ ಬಹಳಷ್ಟು ಎಡ್ಜ್‌ನಲ್ಲಿಯೇ ಇದ್ದವು. ಆದರೆ ಆ ಫ್ಲ್ಯಾಗ್ ಪ್ರಾಡಕ್ಟ್ ತಂಡದ್ದು. ಹೆಚ್ಚು ಹಣ ಪಡೆದು ಕಡಿಮೆ ಗುಣಮಟ್ಟ ಕೊಡುವುದು ಒಪ್ಪಂದಕ್ಕೆ ವಿರುದ್ಧವಲ್ಲವೇ ಎಂದು ಅವರ ಮ್ಯಾನೇಜರ್ ಕೇಳಿದರು. ಈಗ ಅವರು ಕೇಳುತ್ತಿರುವುದು ಮೌನವನ್ನು, ಅದರ ಗುಣಮಟ್ಟ ಇದಕ್ಕಿಂತ ಕಡಿಮೆಯಾಗಲಾರದು ಎಂದು ನಾನು ಹೇಳಿದ್ದು ತುಸು ಖಾರವಾಯಿತು. ಕಾನೂನು ವಿಭಾಗದವರನ್ನು ಕರೆಗೆ ಸೇರಿಸಿಕೊಂಡರು, ಅವರು ಮ್ಯೂಟ್‌ನಲ್ಲಿಯೇ ಮಾತಾಡಿ ಮುಗಿಸಿದರು. ಆ ನಿಮಿಷಗಳಷ್ಟು ಉದ್ದದ ನಿಮಿಷಗಳನ್ನು ನಾನು ಈ ಕೆಲಸದಲ್ಲಿ ಕಂಡಿಲ್ಲ. ಕಡೆಗೆ ಒಪ್ಪಿಗೆ ಬಂತು, ಫ್ಲ್ಯಾಗ್ ಆರಿತು, ಗೆರೆಗಳು ನಿಧಾನವಾಗಿ ತಮ್ಮ ಜಾಗಕ್ಕೆ ಬಂದವು.

ಲಾಸ್‌ಲೆಸ್ ಮರಳಿ ಹಚ್ಚುವ ಮುನ್ನ ಹಿಂದಿನ ಹದಿನಾಲ್ಕು ಆಲ್ಬಮ್ಮುಗಳನ್ನು ವಾರ್ಮ್ ಮಾಡಬೇಕಿತ್ತು. ಕೋಲ್ಡ್ ಟಿಯರ್ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಡಲಾರದು, ಆದ್ದರಿಂದ ಯಾವುದು ಮೊದಲು ಎಂಬ ಪ್ರಶ್ನೆ ಬಂತು. ನಾನು ರಿಸಾಲ್ವ್ ಮಾಡಿದ ಕಾಮೆಂಟಿನ ಒಡತಿಯನ್ನೇ ಕೇಳಬೇಕಾಯಿತು. ಹಿಂದಿನದನ್ನು ಎತ್ತಿ ಆಡುವ ಹಕ್ಕು ಆಕೆಗೆ ಪೂರ್ತಿ ಇತ್ತು, ಆಡಲಿಲ್ಲ. ಒಂದು ಕ್ಷಣವೂ ಯೋಚಿಸದೆ 2003, 2004, 2001, 2007, 2000 ಎಂದು ಟೈಪ್ ಮಾಡಿ, 2008ರದ್ದನ್ನು ಮರೆಯಬೇಡಿ, ಮನೆಗೆ ಹೋಗುವ ಹೊತ್ತಿನಲ್ಲಿ ಅದನ್ನು ಕೇಳುತ್ತಾರೆ ಎಂದು ಸೇರಿಸಿದರು. ಸಂಜೆಯ ಗ್ರಾಫಿನಲ್ಲಿ 2008 ನಿಜಕ್ಕೂ ಏರಿತು. ಊರು, ಹೊಲ, ಮನೆಗೆ ಮರಳುವುದನ್ನು ಕುರಿತ ಹಾಡೊಂದು ಆ ಆಲ್ಬಮ್ಮಿನಲ್ಲಿದೆ ಎಂಬುದು ನನಗೆ ಆಮೇಲೆ ತಿಳಿಯಿತು.

ನಂತರದ ಸಭೆಗಳಲ್ಲಿ ಎಲ್ಲರ ಸಿಟ್ಟೂ ಕ್ಯಾಶ್ ಕೀಯ ಮೇಲೆ ತೀರಿತು. ಮುನ್ಸೂಚನೆಯ ಮಾಡೆಲ್ ಹಾಗೆಯೇ ಉಳಿಯಿತು, ಏಕೆಂದರೆ ಅದನ್ನು ಕೊಂಡವರು ಇನ್ನೂ ಅಲ್ಲಿಯೇ ಇದ್ದರು. ಸಾಮಾಜಿಕ ಜಾಲತಾಣದ ಸದ್ದನ್ನು ಬೇಡಿಕೆಯ ಅಳತೆಗೋಲಾಗಿ ಇಟ್ಟುಕೊಂಡಿದ್ದ ಆ ಮಾಡೆಲ್‌ಗೆ ಈ ಗಾಯಕರ ವಿಷಯದಲ್ಲಿ ಪಾಠ ಮೊದಲೇ ಸಿಕ್ಕಿತ್ತು. ಚೀನಾದ ಜಾಲತಾಣ ವೇಬೋದಲ್ಲಿ ಅಂಕಿಗಳೇ ಕಳಪೆಯಾಗಿರುವಾಗ ಜೇ ಚೌ ಅವರ ಸಂಗೀತ ಕಛೇರಿಗಳಿಗೆ ಟಿಕೆಟ್ ಸಿಗದಿರುವುದೇಕೆ ಎಂದು 2019ರ ಜುಲೈನಲ್ಲಿ ಯಾರೋ ಕೇಳಿದ್ದಕ್ಕೆ, ಅಭಿಮಾನಿಗಳ ಚಟುವಟಿಕೆ ನೋಡಿ ತಾರೆಯರಿಗೆ ಸ್ಥಾನ ಕೊಡುವ ಪಟ್ಟಿ ಎಂದರೇನು ಎಂದೇ ತಿಳಿಯದ ಮೂವತ್ತು ದಾಟಿದ ಉದ್ಯೋಗಸ್ಥರು ಅದರ ಬಳಕೆ ಕಲಿತು, ಕೆಲವೇ ದಿನಗಳಲ್ಲಿ ಇಪ್ಪತ್ತರ ಹರೆಯದ ತಾರೆಯೊಬ್ಬರನ್ನು ಹಿಂದಿಕ್ಕಿ ಜೇ ಚೌ ಅವರನ್ನು ಮೊದಲ ಸ್ಥಾನಕ್ಕೇರಿಸಿದ್ದರು. ಅಷ್ಟರ ಮೇಲೂ ನಮ್ಮ ಸ್ಲೈಡುಗಳಲ್ಲಿ ಅವರು ‘ಲೆಗಸಿ ಆರ್ಟಿಸ್ಟ್’ (ಹಳೆಯ ಕಾಲದ ಕಲಾವಿದ) ಆಗಿಯೇ ಇದ್ದರು. ಜಾಗತಿಕ ಆಲ್ಬಮ್ ಮಾರಾಟದ, ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಪಿಐ ಪಟ್ಟಿಯಲ್ಲಿ 2022ರ ಮೊದಲ ಸ್ಥಾನ ಇದೇ ಆಲ್ಬಮ್ಮಿಗೆ ಎಂದು ಪ್ರಕಟವಾದಾಗ ಆ ಸ್ಲೈಡನ್ನು ಸದ್ದಿಲ್ಲದೆ ತೆಗೆದರು.

ನನ್ನ ಕೈಗೆ ಎಟುಕಿದ್ದು ಒಂದು ಬದಲಾವಣೆ ಮಾತ್ರ. ಬಿಡುಗಡೆಯ ಶೀಟಿನಲ್ಲಿ ಕಲಾವಿದರ ಹಿಂದಿನ ಆಲ್ಬಮ್ಮುಗಳ ವರ್ಷಗಳಿಗೆ ಒಂದು ಕಾಲಮ್ ಸೇರಿಸಿ, ಸಂಪಾದಕೀಯ ತಂಡದ ಕಾಮೆಂಟನ್ನು ಕೆಪಾಸಿಟಿ ತಂಡದವರು ಮುಚ್ಚಲಾಗದಂತೆ ಮಾಡಿಸಿದೆ. 2023ರ ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿಗೆಂದು ಅವರ ಹೊಸ ಹಾಡೊಂದು ಬಂದಾಗ ಹಳೆಯ ಆಲ್ಬಮ್ಮುಗಳನ್ನೆಲ್ಲ ಮೊದಲೇ ವಾರ್ಮ್ ಮಾಡಿದ್ದೆವು, ಒಂದು ಅಲರ್ಟ್ ಕೂಡ ಹೊಡೆಯಲಿಲ್ಲ. ಜನವರಿಯ ವೆಚ್ಚ ಪರಿಶೀಲನೆಯಲ್ಲಿ ಹಣಕಾಸು ವಿಭಾಗದವರು ಆ ಸಾಲಿಗೆ ಕೆಂಪು ಬಣ್ಣ ಬಳಿದು, ಏನೂ ಆಗದ ದಿನಕ್ಕೆ ಇಷ್ಟೊಂದು ಖರ್ಚು ಏಕೆ ಎಂದು ವಿವರಣೆ ಕೇಳಿದರು.