ಅಮ್ಮ ನೋಡಿದ ವೀಲ್‌ಚೇರ್ ಕುಣಿತ

ಇಂಗ್ಲೆಂಡಿನ ಲೀಡ್ಸ್ ಅಂದ ಕೂಡಲೇ ನಮ್ಮೂರಿನವರಿಗೆ ಹೆಡಿಂಗ್ಲಿ ಕ್ರಿಕೆಟ್ ಮೈದಾನ ನೆನಪಾಗುತ್ತದೆ. ಇಲ್ಲಿಗೆ ಬಂದು ನೆಲೆಸಿದ ಮೇಲೆ ನನಗೆ ಇನ್ನೊಂದು ಹೆಸರೂ ಗೊತ್ತಾಯಿತು: ಡೇವಿಡ್ ಟೂಲ್. ಲೀಡ್ಸಿನವರೇ. ಎರಡು ವರ್ಷ ತುಂಬುವ ಮೊದಲೇ ಅವರ ಎರಡೂ ಕಾಲು ತೆಗೆಯಬೇಕಾಯಿತು. ದೊಡ್ಡವರಾಗಿ ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. 1990ರ ದಶಕದ ಆರಂಭದಲ್ಲಿ ಒಂದು ನೃತ್ಯ ಶಿಬಿರಕ್ಕೆ ಹೋದವರು ಆಮೇಲೆ ಆ ಕೆಲಸ ಬಿಟ್ಟು ನರ್ತಕರೇ ಆದರು. ಅಂಗೈ ನೆಲಕ್ಕೂರಿ ಇಡೀ ಮೈಯನ್ನು ಎತ್ತಿ, ಕೈಗಳ ಮೇಲೆಯೇ ರಂಗ ತುಂಬ ಓಡಾಡುತ್ತಿದ್ದರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ ಅವರ ನೃತ್ಯವನ್ನು ಜಗತ್ತೇ ನೋಡಿತು. 2020ರಲ್ಲಿ ತೀರಿಕೊಂಡರು.

ಆ ಶಿಬಿರ ಮಾಡಿದ್ದು ಕ್ಯಾಂಡೋಕೋ ಎಂಬ ತಂಡ. 1991ರಲ್ಲಿ ಲಂಡನ್ನಿನಲ್ಲಿ ಸೆಲೆಸ್ಟ್ ಡಾಂಡೆಕರ್ ಮತ್ತು ಆಡಂ ಬೆಂಜಮಿನ್ ಅದನ್ನು ಕಟ್ಟಿದರು. ಡಾಂಡೆಕರ್ ಮೊದಲೇ ಹೆಸರಾದ ನರ್ತಕಿ. 1973ರಲ್ಲಿ ಪ್ರದರ್ಶನದ ನಡುವೆಯೇ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಲ್ಲಿಂದ ವೀಲ್‌ಚೇರ್. ಎಷ್ಟೋ ವರ್ಷಗಳ ನಂತರ ಅದೇ ವೀಲ್‌ಚೇರಿನಲ್ಲಿ ಮತ್ತೆ ರಂಗಕ್ಕೆ ಬಂದರು. ಅಂಗವಿಕಲರೂ ಅಲ್ಲದವರೂ ಒಂದೇ ತಂಡದಲ್ಲಿ, ಒಂದೇ ಅಭ್ಯಾಸ ಮಾಡಿ, ಸಂಬಳ ತಗೊಂಡು ಕುಣಿಯುವುದು ಈ ದೇಶದಲ್ಲಿ ಗಟ್ಟಿಯಾಗಿ ಬೇರೂರಿದ್ದು ಅಲ್ಲಿಂದ.

ಕಾಸರಗೋಡಿನ ಪೆರ್ಲದಿಂದ, ಅಂದರೆ ನಮ್ಮೂರಿನಿಂದ, ಅಮ್ಮ ಬಂದಿದ್ದಾಗ ಅದೇ ಜಾಡಿನ ಒಂದು ಸಣ್ಣ ತಂಡದ ಪ್ರದರ್ಶನ ನಮ್ಮ ಮನೆ ಹತ್ತಿರದ ಸಭಾಂಗಣದಲ್ಲಿತ್ತು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಯಕ್ಷಗಾನದ ಆಟ ನೋಡಿ ಬೆಳೆದವಳು. ಚೌಕಿಪೂಜೆಯಿಂದ ಮಂಗಳದವರೆಗೆ ಕಣ್ಣು ಮುಚ್ಚದೆ ಕೂರುವವಳು. ಕುಣಿತಕ್ಕೆ ಭಾಷೆ ಎಂತಕ್ಕೆ ಅಂತ ಕರೆದುಕೊಂಡು ಹೋದೆ.

ಆಟ ಶುರುವಾಗುವ ಮೊದಲು ಕಣ್ಣು ಕಾಣದ ಪ್ರೇಕ್ಷಕರನ್ನು ರಂಗದ ಮೇಲೆ ಕರೆದುಕೊಂಡು ಹೋಗಿ ವೇಷದ ಬಟ್ಟೆ, ನೆಲದ ಹಾಸು, ವೀಲ್‌ಚೇರ್ ಎಲ್ಲ ಮುಟ್ಟಿಸಿದರು. ಆಮೇಲೆ ಕುಣಿತ ನಡೆಯುವಾಗ ಕಿವಿಗೆ ಹಾಕಿದ ಯಂತ್ರದಲ್ಲಿ ಒಬ್ಬರು ವಿವರಣೆ ಹೇಳುತ್ತಾರೆ. ದೀಪ ಪೂರ್ತಿ ಆರಿಸಲಿಲ್ಲ. ಯಾರಿಗಾದರೂ ಸುಮ್ನೆ ಕೂರಲು ಆಗದಿದ್ದರೆ ಎದ್ದು ಹೋಗಬಹುದು, ಸದ್ದು ಮಾಡಬಹುದು, ಮತ್ತೆ ಒಳಗೆ ಬರಬಹುದು. ಜೊತೆಗೆ ಬಂದವರಿಗೆ ಟಿಕೆಟ್ ಇಲ್ಲ. 2010ರ ಸಮಾನತೆ ಕಾನೂನು ಹತ್ತಿಸಿದ ಚುರುಕು ಇದರ ಹಿಂದೆ ಉಂಟು, ನಿಜ. ಆದರೆ ಬಾಗಿಲಲ್ಲಿ ನಿಂತ ಹುಡುಗಿ ಇದನ್ನೆಲ್ಲ ಮಾಡಿದ್ದು ಕಾನೂನಿಗೆ ಹೆದರಿದವಳ ಹಾಗೆ ಅಲ್ಲ.

ಐವರು ನರ್ತಕರು. ವೀಲ್‌ಚೇರಿನಲ್ಲಿ ಒಬ್ಬಳು. ಒಂದು ಕೈ ಮೊಣಕೈವರೆಗೆ ಮಾತ್ರ ಇರುವ ಹುಡುಗ. ಕಿವಿ ಕೇಳದ ಒಬ್ಬಳು. ಉಳಿದಿಬ್ಬರಿಗೆ ಕಾಣುವಂಥ ತೊಂದರೆ ಏನೂ ಇಲ್ಲ.

ವೀಲ್‌ಚೇರಿನವಳ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ಎರಡನೇ ಸಾಲಿನಲ್ಲಿದ್ದೆವು. ಚಕ್ರದ ಬಳೆ ಹಿಡಿದು ಹಿಡಿದು ಅಂಗೈ ಕಪ್ಪಾಗಿತ್ತು. ಬಲಗೈ ಬೆರಳನ್ನು ಬಳೆಗೆ ಸ್ವಲ್ಪ ಒತ್ತಿದರೆ ಸಾಕು, ಕುರ್ಚಿ ಗಕ್ಕನೆ ಬಲಕ್ಕೆ ತಿರುಗುತ್ತದೆ. ಒಂದು ಹೊತ್ತಿನಲ್ಲಿ ಮುಂದಿನ ಸಣ್ಣ ಚಕ್ರಗಳನ್ನು ಎತ್ತಿ, ಹಿಂದಿನ ದೊಡ್ಡ ಚಕ್ರಗಳ ಮೇಲೆಯೇ ನಿಂತಳು. ಅಷ್ಟರಲ್ಲಿ ಒಬ್ಬ ಬಂದು ತನ್ನ ಬೆನ್ನನ್ನು ಅವಳ ಬೆನ್ನಿಗೆ ಕೊಟ್ಟು ಪೂರ್ತಿ ಭಾರ ಬಿಟ್ಟ. ಯಾರು ಯಾರನ್ನು ಹೊತ್ತಿದ್ದಾರೆ ಅಂತ ಹೇಳಲು ಬರುವುದಿಲ್ಲ. ಇಬ್ಬರೂ ಹಾಗೇ ನಿಧಾನಕ್ಕೆ ಒಂದು ಸುತ್ತು ಬಂದರು. ಹೀಗೆ ಭಾರ ಕೊಟ್ಟು ಭಾರ ತಗೊಳ್ಳುವ ಕುಣಿತದ ಕ್ರಮ 1972ರ ಹೊತ್ತಿಗೆ ಅಮೆರಿಕದಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ ಮತ್ತು ಅವರ ಜೊತೆಗಾರರಿಂದ ಶುರುವಾಯಿತು. ಅದರಲ್ಲಿ ಇಂಥದ್ದೇ ಭಂಗಿ ಅಂತ ಇಲ್ಲ. ಎದುರಿಗಿರುವ ಮೈ ಹೇಗಿದೆಯೋ ಅದಕ್ಕೆ ಉತ್ತರ ಕೊಡಬೇಕು. ಅಂಗವಿಕಲ ನರ್ತಕರಿಗೆ ಅದು ಒಗ್ಗಿದ್ದರಲ್ಲಿ ಆಶ್ಚರ್ಯ ಇಲ್ಲ.

"ಎಂತ ಮಾರಾಯ್ತಿ, ಮಗುಚಿ ಬಿದ್ದರೆ?" ಅಂತ ಅಮ್ಮ ನನ್ನ ಕೈ ಹಿಡಿದಳು.

"ಬೀಳುವುದನ್ನೂ ಕಲಿಸ್ತಾರಮ್ಮ" ಅಂದೆ. ಸ್ವಲ್ಪ ಹೊತ್ತಿಗೆ ಅವಳು ಕುರ್ಚಿ ಸಮೇತ ಪಕ್ಕಕ್ಕೆ ಬಿದ್ದಳು, ಬೇಕಂತಲೇ. ಮೇಲೆದ್ದ ಚಕ್ರ ತಿರುಗುತ್ತಾ ಇತ್ತು. ಕಿವಿ ಕೇಳದವಳು ಅದಕ್ಕೆ ಅಂಗೈ ಇಟ್ಟು, ಆ ಅದುರನ್ನೇ ತಾಳವಾಗಿ ತಗೊಂಡು ಹೆಜ್ಜೆ ಹಾಕಿದಳು. ಅಮ್ಮ ಮುಂದಕ್ಕೆ ಬಾಗಿ ಕೂತಳು.

ಹೊರಗೆ ಬಂದ ಮೇಲೆ ಅಮ್ಮ ಏನು ಹೇಳಬಹುದು ಅಂತ ನನಗೆ ಒಳಗೊಳಗೇ ಅಳುಕು. "ಪಾಪ" ಅನ್ನಬಹುದು, "ದೇವರೇ" ಅನ್ನಬಹುದು. ಬಸ್ ಸ್ಟಾಪಿನಲ್ಲಿ ಅವಳು ಹೇಳಿದ್ದು ಇಷ್ಟು: "ಆ ಗಿಡ್ಡ ಕೈಯ ಹುಡುಗ ಎರಡು ಸಲ ತಡ ಮಾಡಿದ, ನೋಡಿದ್ಯಾ? ಲಯ ಇನ್ನೂ ಕೂತಿಲ್ಲ. ವೀಲ್‌ಚೇರಿನವಳದ್ದು ಮಾತ್ರ ಭಾರೀ ಲಾಯ್ಕ."

ನನಗೆ ಗಂಟಲು ಕಟ್ಟಿತು. ಮೇಳದ ಕಲಾವಿದರ ಬಗ್ಗೆ ಮಾತಾಡುವ ಅದೇ ಧಾಟಿಯಲ್ಲಿ ಅಮ್ಮ ಮಾತಾಡಿದ್ದಳು. ಒಬ್ಬನಲ್ಲಿ ತಪ್ಪು ಹುಡುಕಿದ್ದಳು, ಇನ್ನೊಬ್ಬಳನ್ನು ಮೆಚ್ಚಿದ್ದಳು. ನಮ್ಮೂರಿನ ಅಂಗವಿಕಲ ಮಕ್ಕಳಿಗೆ ಯಾರಾದರೂ "ನಿನ್ನ ತಾಳ ತಪ್ಪಿತು" ಅಂತ ಹೇಳಿದ್ದಾರಾ? ಎಂತ ಮಾಡಿದರೂ ಚಪ್ಪಾಳೆ ತಟ್ಟಿ ಕಳಿಸುತ್ತೇವೆ, ಅಲ್ವಾ? ತಾಳ ತಪ್ಪಿತು ಅನ್ನಬೇಕಾದರೆ ಮೊದಲು ತಾಳ ಕಲಿಸಿರಬೇಕಲ್ಲ.

ಎಣ್ಮಕಜೆ, ಪಡ್ರೆ ಕಡೆಯ ಕಥೆ ನಿಮಗೆ ಹೊಸತಲ್ಲ. ಗೇರುತೋಟದ ಗುಡ್ಡಗಳ ಮೇಲೆ 2000ದವರೆಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ವಾಣಿನಗರದ ಡಾಕ್ಟರ್ ಮೋಹನ್ ಕುಮಾರ್ ಅವರು ತಮ್ಮ ರೋಗಿಗಳ ಕಾಯಿಲೆ, ಅಂಗವೈಕಲ್ಯ ನೋಡಿ ನೋಡಿ ಇದು ಸರಿ ಇಲ್ಲ ಅಂತ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಅಷ್ಟಕ್ಕೆ ಎಷ್ಟು ಧರಣಿ, ಎಷ್ಟು ಓಡಾಟ! ಆ ಹೋರಾಟದಲ್ಲಿ ನಮ್ಮ ಮಕ್ಕಳ ಫೋಟೋ ಜಗತ್ತೆಲ್ಲ ಸುತ್ತಿತು. ಸುತ್ತಲೇಬೇಕಿತ್ತು. ಆದರೆ ಅವರ ಮೈಯನ್ನು ನಾವು ನೋಡಿದ್ದು ಸಾಕ್ಷಿಯಾಗಿ ಮಾತ್ರ. ನಮ್ಮ ಕೆಳಗಿನ ಮನೆಯ ಹುಡುಗಿಗೆ ಕುತ್ತಿಗೆ ನಿಲ್ಲುವುದಿಲ್ಲ, ಮಾತು ಬರುವುದಿಲ್ಲ. ಚೆಂಡೆಯ ಸದ್ದು ಕೇಳಿದರೆ ಎಡಗೈ ಎತ್ತಿ ಬೆರಳು ಬಿಡಿಸುತ್ತಾಳೆ, ಪೆಟ್ಟು ನಿಂತರೆ ಮಡಚುತ್ತಾಳೆ. ಸಣ್ಣಂದಿನಿಂದ ನಾನು ಅದನ್ನು ನೋಡಿದ್ದೇನೆ. ಅದು ಕುಣಿತ ಅಂತ ನಮಗ್ಯಾರಿಗೂ ಅನ್ನಿಸಲಿಲ್ಲ.

ಬಡ್ಸ್ ಅಂದರೆ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ವಿಶೇಷ ಶಾಲೆ. ಅಲ್ಲಿನ ಮಕ್ಕಳಿಗೆ ಕೇರಳದಲ್ಲಿ ಪ್ರತ್ಯೇಕ ಕಲೋತ್ಸವ ನಡೆಯುತ್ತದೆ. ಒಳ್ಳೆಯದೇ. ಆದರೆ ಅಲ್ಲಿ ಅವರು ಅವರೊಳಗೇ. ಊರಿನ ವಾರ್ಷಿಕೋತ್ಸವಕ್ಕೆ ಬಂದರೆ ಅವರನ್ನು ವೇದಿಕೆಗೆ ಕರೆಯುವುದು ವೀಲ್‌ಚೇರ್ ವಿತರಣೆಗೆ, ಫೋಟೋಗೆ. ಆಮೇಲೆ ಇಳಿಸಿ, ಉಳಿದ ಮಕ್ಕಳ ಡ್ಯಾನ್ಸ್ ಶುರು. ನನಗೆ ಇದು ಸಂಕಟದ ವಿಷಯ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಪೂರ್ತಿ ಕಲೆ, ಸಂಸ್ಕೃತಿ, ಮನರಂಜನೆಗೇ ಮೀಸಲು. ಕಲೆ ಕಲಿಸುವ ಪಾಠಗಳನ್ನೇ ಅಂಗವಿಕಲರಿಗೆ ಒಗ್ಗುವಂತೆ ಬದಲಿಸಬೇಕು ಅಂತ ಅದರಲ್ಲಿ ಬರೆದಿದೆ.

ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ. ವೇಷ, ಕುಣಿತ ಇಲ್ಲದೆ ಹಾಡು, ಮಾತಿನಲ್ಲೇ ನಡೆಯುವ ತಾಳಮದ್ದಳೆಯನ್ನೇ ನೋಡಿ. ಎಲ್ಲರೂ ಕೂತೇ ಅರ್ಥ ಹೇಳುತ್ತಾರೆ. ಭೀಮನೂ ಕೂತೇ ಗದೆ ಎತ್ತುತ್ತಾನೆ. ವೀಲ್‌ಚೇರಿನ ಒಬ್ಬ ಹುಡುಗ ಅಲ್ಲಿ ಕರ್ಣನಾಗಲು ಅಡ್ಡಿ ಏನು? ವೇದಿಕೆಯ ಮೆಟ್ಟಿಲು ಮಾತ್ರ.

ಅಮ್ಮ ಊರಿಗೆ ವಾಪಸಾದ ಮೇಲೆ ಕಲಾಸಂಘದವರ ಹತ್ತಿರ ಇದನ್ನೇ ಎತ್ತಿದಳು. ರ‍್ಯಾಂಪ್ ಹಾಕೋಣ ಅಂದರು. ಲೆಕ್ಕ ನಾನು ಫೋನಿನಲ್ಲಿ ಹೇಳಿದೆ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಮ್ಮ ವೇದಿಕೆ ಮೂರಡಿ, ಹಾಗಾದರೆ 36 ಅಡಿ. ಅಷ್ಟು ಜಾಗ ಇಲ್ಲ, ದುಡ್ಡೂ ಇಲ್ಲ ಅಂದರು. ಆಗ ಭಾಗವತರು, ಎಪ್ಪತ್ತು ದಾಟಿದವರು, "ಬಯಲಾಟಕ್ಕೆ ವೇದಿಕೆ ಎಲ್ಲಿತ್ತು? ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟರೆ ರಂಗಸ್ಥಳ" ಅಂದರಂತೆ. ಈ ಸಲ ಶಾಲೆಯ ಅಂಗಳದಲ್ಲಿ ನೆಲದಲ್ಲೇ ಕಾರ್ಯಕ್ರಮ ಅಂತ ತೀರ್ಮಾನ ಆಗಿದೆ. ಶನಿವಾರ ಮಧ್ಯಾಹ್ನ ಅಭ್ಯಾಸ. ನಾಟ್ಯದ ಗುರುಗಳು ಬರಲು ಒಪ್ಪಿದ್ದಾರೆ. ಚೆಂಡೆಗೆ ಜನ ಬೇಕು. ಮಕ್ಕಳನ್ನು ಮನೆಯಿಂದ ಕರೆತರಲು ಜೀಪೂ ಬೇಕು. ಪೆರ್ಲ, ಬದಿಯಡ್ಕ ಕಡೆಯವರು ಯಾರಿಗಾದರೂ ಆಗುತ್ತದೆ ಅಂತಾದರೆ ದಯವಿಟ್ಟು ಹೋಗಿ ಸೇರಿಕೊಳ್ಳಿ. ಕೆಳಗಿನ ಮನೆಯ ಹುಡುಗಿಯ ಹೆಸರನ್ನು ಅಮ್ಮ ಮೊದಲೇ ಬರೆಸಿದ್ದಾಳೆ.