ಅಜ್ಜಿಯ ಉತ್ಥಾನ ದ್ವಾದಶಿ

ಅಜ್ಜಿಯ ವರ್ಷಾಂತಿಕ ಮುಗಿದು, ಮನೆಯಲ್ಲಿ ಮತ್ತೆ ಹಬ್ಬ ಮಾಡಬಹುದು ಎಂದಾದ ಮೇಲೆ ಮೊದಲು ಬಂದದ್ದು ಉತ್ಥಾನ ದ್ವಾದಶಿ, ನಾಲ್ಕು ತಿಂಗಳ ನಿದ್ದೆಯಿಂದ ಏಳುವ ವಿಷ್ಣುವನ್ನು ತುಳಸಿಯೊಡನೆ ಪೂಜಿಸುವ ಹಬ್ಬ. ಉಡುಪಿ ಕಡೆಯಿಂದ ಮದುವೆಯಾಗಿ ಬಂದು, ಮುಂಬಯಿಯ ಮಾಟುಂಗದ ಚಾಳಿನಲ್ಲೂ ಆಮೇಲೆ ಡೊಂಬಿವಲಿಯ ಫ್ಲ್ಯಾಟಿನಲ್ಲೂ ಸಂಸಾರ ಮಾಡಿ, ತೊಂಬತ್ತು ದಾಟಿದ ಆ ಜೀವ ದೀಪಾವಳಿಗಿಂತ ಹೆಚ್ಚು ಕಾಯುತ್ತಿದ್ದದ್ದು ಕಾರ್ತಿಕ ಶುದ್ಧ ದ್ವಾದಶಿಯ ಈ ಸಂಜೆಗೆ. ಅವರ ಭಕ್ತಿ ಎಂಥದ್ದೆಂದು ಯಾರಾದರೂ ಕೇಳಿದರೆ, ಈ ಪೂಜೆಗೆ ಅವರು ಮಾಡುತ್ತಿದ್ದ ತಯಾರಿಯನ್ನೇ ಹೇಳಬೇಕು.

ತಯಾರಿ ಅಂದರೆ ಮೊದಲು ಗಿಡ. ಮುಂಬಯಿಯ ಮಳೆಗಾಲದಲ್ಲಿ ತುಳಸಿ ಸಾಯುವುದು ಹೆಚ್ಚಾದ ನೀರಿನಿಂದ. ಬೇರು ಕೊಳೆತದ್ದು ಗೊತ್ತಾಗುವ ಹೊತ್ತಿಗೆ ಎಲೆ ಉದುರಿರುತ್ತದೆ. ಅಜ್ಜಿ 2 ಪಾಲು ಕೆಂಪು ಮಣ್ಣಿಗೆ 1 ಪಾಲು ಮರಳು, 1 ಪಾಲು ಗೊಬ್ಬರ ಬೆರೆಸುತ್ತಿದ್ದರು. ಕುಂಡದ ತೂತಿನ ಮೇಲೆ ಹಂಚಿನ ಚೂರು. ಜೂನ್ ಬಂದರೆ ಕುಂಡ ಗ್ರಿಲ್ಲಿನ ಅಂಚಿನಿಂದ ಒಳಕ್ಕೆ ಸರಿಯಬೇಕು. ಮಂಜರಿ ಬೀಜ ಕಟ್ಟುವ ಮೊದಲೇ ಚಿವುಟಿ ದೇವರಿಗೆ ಏರಿಸುತ್ತಿದ್ದರು. ಬೀಜವಾಗಲು ಬಿಟ್ಟರೆ ಕಾಂಡ ಕಟ್ಟಿಗೆಯಾಗಿ ಎಲೆ ಚಿಕ್ಕದಾಗುತ್ತದೆ, ಗಿಡ ಬೇಗ ಮುದಿಯಾಗುತ್ತದೆ.

ದ್ವಾದಶಿಯಂದು ತುಳಸಿ ಕೊಯ್ಯುವಂತಿಲ್ಲ. ಹಾಗಾಗಿ ಬೇಕಾದಷ್ಟು ದಳವನ್ನು ದಶಮಿಯಂದೇ ಕೊಯ್ದು, ತೊಳೆಯದೆ, ಬಾಳೆಲೆಯಲ್ಲಿ ಸುತ್ತಿಡುವುದು. ತೊಳೆದಿಟ್ಟರೆ ಕಪ್ಪಾಗುತ್ತದೆ. ಏಕಾದಶಿಗೆ ಅಜ್ಜಿಯದು ನಿರ್ಜಲ ಉಪವಾಸ, ಕೊನೆಕೊನೆಗೆ ಡಾಕ್ಟರ ಮಾತಿಗೆ ಒಂದು ಲೋಟ ಹಾಲು. ದ್ವಾದಶಿ ಬೆಳಿಗ್ಗೆ ಪಾರಣೆ ಮುಗಿಯಿತೋ, ಯಾರನ್ನಾದರೂ ಮಾಟುಂಗದ ಫೂಲ್ ಗಲ್ಲಿಗೋ ದಾದರಿನ ಹೂವಿನ ಮಾರ್ಕೆಟ್ಟಿಗೋ ಅಟ್ಟುತ್ತಿದ್ದರು, ತುಳಸಿಯ ಜೊತೆ ನಿಲ್ಲಿಸಿ ಪೂಜಿಸಲು ಕಾಯಿ ಇರುವ ನೆಲ್ಲಿಯ ಕೊಂಬೆಗೆ. ಹಿಂದಿನ ದಿನವೇ ತಂದರೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ. ತಂದದ್ದರ ಬುಡವನ್ನು ಓರೆಯಾಗಿ ಕತ್ತರಿಸಿ, ಸಂಜೆಯವರೆಗೆ ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಬೇಕು. ಕೊಂಬೆಯನ್ನು ಕುಂಡದ ನಡುವೆ ಚುಚ್ಚಿದರೆ ತುಳಸಿಯ ಬೇರಿಗೆ ಪೆಟ್ಟು. ಅಂಚಿನಲ್ಲಿ ನಿಲ್ಲಿಸಿ, ಗ್ರಿಲ್ಲಿಗೆ ಬಾಳೆನಾರಿನಿಂದ ಕಟ್ಟಿ ಎನ್ನುತ್ತಿದ್ದರು.

ಅವರ ಕೈ ನೋಡಬೇಕಿದ್ದದ್ದು ನೆಲ್ಲಿಕಾಯಿಯ ದೀಪ ಮಾಡುವಾಗ. ದಪ್ಪ ಕಾಯಿಯೇ ಆಗಬೇಕು. ಅಡಿಯನ್ನು ತೆಳ್ಳಗೆ ಹೆರೆದರೆ ಉರುಳದೆ ಕೂರುತ್ತದೆ. ಮೇಲ್ಗಡೆ ಬೀಜ ತಗಲುವವರೆಗೆ ಸುತ್ತ ಕೊರೆದು ಸಣ್ಣ ಗುಳಿ. ಆಮೇಲಿನದೇ ಮುಖ್ಯ: ಗುಳಿಯ ರಸವನ್ನು ಬಟ್ಟೆಯಲ್ಲಿ ಒರೆಸಿ ಒಂದು ಗಂಟೆ ಫ್ಯಾನಿನಡಿ ಇಡುವುದು. ರಸವಿದ್ದರೆ ಬತ್ತಿ ತುಪ್ಪದ ಬದಲು ಅದನ್ನೇ ಹೀರಿ, ಚಟಪಟ ಎಂದು ಆರಿಹೋಗುತ್ತದೆ. ಹೂಬತ್ತಿಗೆ ಹತ್ತಿಯನ್ನು ಬಿಡಿಸಿ, ನಡುವನ್ನು ಎತ್ತಿ, ಹಾಲು ಸೋಕಿಸಿದ ಬೆರಳಿನಿಂದ ತುದಿ ಹೊಸೆಯಬೇಕು. ಹಾಲು ಒಣಗಿದರೆ ತುದಿ ಗಟ್ಟಿಯಾಗಿ ನಿಲ್ಲುತ್ತದೆ. ಹಾಗೆ ಒಣಗಿದ ಬತ್ತಿಯನ್ನು ಕರಗಿದ ತುಪ್ಪದಲ್ಲಿ ಅದ್ದಿ, ತುಪ್ಪ ಹೆಪ್ಪುಗಟ್ಟಿದ ಮೇಲೆಯೇ ಗುಳಿಗೆ. ಕಣ್ಣು ಮಂಜಾದ ಮೇಲೂ ಅಜ್ಜಿಯ ಬೆರಳಿಗೆ ಈ ಕೆಲಸ ತಪ್ಪಲಿಲ್ಲ.

ನೈವೇದ್ಯಕ್ಕೆ ಪಂಚಕಜ್ಜಾಯ. ಕಡ್ಲೆಬೇಳೆ 2 ಲೋಟ, ಬೆಲ್ಲದ ಪುಡಿ ಒಂದೂವರೆ, ಕೊಬ್ಬರಿ ತುರಿ 1, ಹುರಿದ ಎಳ್ಳು 4 ಚಮಚ, ಏಲಕ್ಕಿ. ಬೇಳೆಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಪೂರ್ತಿ ಆರಿಸಿ ಪುಡಿ ಮಾಡುವುದು. ಬಿಸಿಯಲ್ಲೇ ಪುಡಿ ಮಾಡಿದರೆ ಬೆವರಿ ಗಂಟಾಗುತ್ತದೆ. ಊರಿನಂತೆ ಹಸಿ ತೆಂಗಿನಕಾಯಿ ಹಾಕಿದರೆ ಇಲ್ಲಿಯ ಸೆಕೆಗೆ ಬೇಗ ಹಳಸುತ್ತದೆ, ಪ್ರಸಾದ ಹಂಚುವುದೋ ಮರುದಿನವೂ ಇರುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಬೆಲ್ಲ ಊರಿಂದಲೇ ಬರತೊಡಗಿತು, ಅಜ್ಜಿಗೆ ಅದೊಂದು ದೊಡ್ಡ ನೆಮ್ಮದಿ.

ಪಕ್ಕದ ಮನೆಯ ಮರಾಠಿ ಕಾಕುವಿನದು ತುಳಸಿ ವಿವಾಹ: ಕಬ್ಬಿನ ಮಂಟಪ, ಅಂತರಪಟ, ಮಂಗಳಾಷ್ಟಕ. ಅದನ್ನು ದ್ವಾದಶಿಯಿಂದ ಹುಣ್ಣಿಮೆಯೊಳಗೆ ಯಾವತ್ತು ಬೇಕಾದರೂ ಮಾಡಬಹುದು. ಅದಕ್ಕೇ ಪ್ರತಿವರ್ಷ ಅಜ್ಜಿ ಹೋಗಿ, ಅವರದನ್ನು ಮರುದಿನಕ್ಕೆ ಇಡಿಸಿ ಬರುತ್ತಿದ್ದರು, ಇವರು ಅಲ್ಲಿಗೂ ಅವರು ಇಲ್ಲಿಗೂ ಬರಬೇಕೆಂದು. ಕೆಲಸದಿಂದ ಬರುವ ಸೊಸೆಯಂದಿರ ಲೋಕಲ್ ರೈಲು ತಡವಾದರೆ ಆರತಿಯೂ ತಡ. "ಬರ್ಲಿ ಮಗಾ, ನಾಲ್ಕು ತಿಂಗಳು ಮಲಗಿ ಎದ್ದ ದೇವರಿಗೆ ಅರ್ಧ ಗಂಟೆ ಏನು ಮಹಾ" ಎನ್ನುವರು. ಮುಹೂರ್ತದ ಬಗ್ಗೆ ಅಷ್ಟು ಕಟ್ಟುನಿಟ್ಟಿನವರು ಮನುಷ್ಯರಿಗಾಗಿ ಮಾತ್ರ ಅದನ್ನು ಸಡಿಲಿಸುತ್ತಿದ್ದದ್ದು ನಮಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಈ ಸಲವೂ ಹಾಗೆಯೇ ನಡೆಯಿತು, ಕಾಕುವೂ ಬಂದರು. ಮರುದಿನ ಕೊಂಬೆ ನಿರ್ಮಾಲ್ಯಕ್ಕೆ ಹೋಯಿತು, ಅದರ ಕಾಯಿ ಜಾಡಿಗೆ. 1 ಲೀಟರ್ ನೀರಿಗೆ 100 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ತಣಿದ ಮೇಲೆಯೇ ಸುರಿಯಬೇಕು, ಇಲ್ಲದಿದ್ದರೆ ಕಾಯಿ ಮೆತ್ತಗಾಗುತ್ತದೆ. ತೇಲಿದ ಕಾಯಿಗೆ ಬೂಸು ಹಿಡಿಯುತ್ತದೆಂದು ಮೇಲೊಂದು ಪಿಂಗಾಣಿ ತಟ್ಟೆಯ ಭಾರ. ಅರ್ಧ ಜಾಡಿ ಮನೆಗೆ, ಅರ್ಧ ಕಾಕುವಿಗೆ.