ಪಾದ ಚಾಚಲಿಲ್ಲ

17 ಏಪ್ರಿಲ್ 2025, ಗುರುವಾರ, ರಾತ್ರಿ

ಚರ್ಚಿನಿಂದ ಬಂದು ಇನ್ನೂ ಸೀರೆ ಬದಲಿಸಿಲ್ಲ. ಗುಡ್ಡದ ಕಲ್ಲು ಹಗಲೆಲ್ಲ ನುಂಗಿದ ಬಿಸಿಲನ್ನು ಈಗ ಊರ ಮೇಲೆ ಉಗುಳುತ್ತಿದೆ. ಫ್ಯಾನ್ ತಿರುಗಿದರೂ ಬಿಸಿ ಗಾಳಿಯೇ. ಸೊಸೆ ಬೋಗುಣಿಯಲ್ಲಿ ಉಪ್ಪು ಹಾಕಿದ ನೀರು ತಂದಿಟ್ಟಿದ್ದಾಳೆ. ಕಾಲು ಅದರಲ್ಲಿ ಮುಳುಗಿಸಿಕೊಂಡು ಬರೆಯುತ್ತಿದ್ದೇನೆ.

ಯೇಸು ಕಡೆಯ ರಾತ್ರಿ ಶಿಷ್ಯರ ಪಾದ ತೊಳೆದ ನೆನಪಿಗೆ ಈ ಗುರುವಾರ ನಮ್ಮ ಪಾದ್ರಿ ಅಯ್ಯನವರು ಸಭೆಯ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಮೊನ್ನೆ ಗರಿಗಳ ಭಾನುವಾರ ಆರಾಧನೆ ಮುಗಿದ ಮೇಲೆ ಅವರು ಹತ್ತಿರ ಬಂದು, "ಅಮ್ಮಾ, ಗುರುವಾರ ಪಾದ ತೊಳೆಯೋ ಹನ್ನೆರಡು ಮಂದಿಯೊಳಗ ನೀವೂ ಒಬ್ರು ಇರ್ರಿ" ಅಂದಿದ್ದರು. "ನನಗ ಬ್ಯಾಡ್ರಿ ಅಯ್ಯನವರೇ, ನನಗಿಂತ ಹಿರಿಯರಿದ್ದಾರ, ಅವ್ರಿಗೆ ಹೇಳ್ರಿ" ಅಂದುಬಿಟ್ಟೆ. ಅವರು ಒತ್ತಾಯ ಮಾಡಲಿಲ್ಲ. ಪಕ್ಕದಲ್ಲಿದ್ದವರು ನನ್ನನ್ನು ನೋಡಿ, ಎಷ್ಟು ದೀನ ಮನಸ್ಸು ಅನ್ನುವ ಹಾಗೆ ತಲೆ ಆಡಿಸಿದರು. ಆ ತಲೆ ಆಡಿಸುವಿಕೆ ನಾಲ್ಕು ದಿನದಿಂದ ನನ್ನನ್ನು ಚುಚ್ಚುತ್ತಿದೆ.

ನಿಜ ಬೇರೆಯೇ ಇತ್ತು. ನನ್ನ ಹಿಮ್ಮಡಿ ಒಡೆದಿದೆ. ಸಂಜೆಯಾದರೆ ಪಾದ ಊದುತ್ತದೆ, ಕಣಕಾಲಿನ ಮೇಲೆ ನೀಲಿ ನರಗಳು ಗಂಟು ಗಂಟಾಗಿ ಎದ್ದು ನಿಲ್ಲುತ್ತವೆ. ಮೊಣಕಾಲು ಮಡಚಲು ಬಾರದೆ ಉಗುರು ಸರಿಯಾಗಿ ತೆಗೆದುಕೊಳ್ಳಲಿಕ್ಕೂ ಆಗುತ್ತಿಲ್ಲ. ಇಡೀ ಸಭೆಯ ಎದುರು ಈ ಕಾಲು ಚಾಚಬೇಕೇ? ಅರವತ್ತೊಂಬತ್ತು ವರ್ಷ ಮುಚ್ಚಟೆಯಾಗಿ ಇಟ್ಟುಕೊಂಡ ಮಾನ ಒಂದು ತಂಬಿಗೆ ನೀರಿನಲ್ಲಿ ಹೋಗುತ್ತದೆ ಅನ್ನಿಸಿತು.

ಇವತ್ತು ಯೋಹಾನನ ಸುವಾರ್ತೆಯ ಹದಿಮೂರನೇ ಅಧ್ಯಾಯ ಓದಿದರು. ಶಿಷ್ಯ ಪೇತ್ರನು ಯೇಸುವಿಗೆ, ನೀನು ನನ್ನ ಕಾಲು ಎಂದಿಗೂ ತೊಳೆಯಬಾರದು ಅನ್ನುವ ಜಾಗಕ್ಕೆ ಬಂದಾಗ ನನ್ನ ಕಿವಿ ಬಿಸಿಯಾಯಿತು. ಸಂಡೇ ಸ್ಕೂಲಿನಲ್ಲಿ ಈ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಬೋಗುಣಿ, ಟವೆಲ್ ತಂದು ಮಕ್ಕಳ ಕೈಯಲ್ಲೇ ಮಾಡಿಸುತ್ತಿದ್ದೆ. ತೊಳೆಯುವ ಮಗು ಹೇಗೆ ಬಗ್ಗಬೇಕು, ಹೇಗೆ ಒರೆಸಬೇಕು ಅಂತ ಹೇಳಿಕೊಟ್ಟೆ. ತೊಳೆಸಿಕೊಳ್ಳಲು ಕೂತ ಮಗುವಿಗೆ ಒಂದು ಮಾತೂ ಹೇಳಲಿಲ್ಲ. ಸುಮ್ಮನೆ ಕೂತಿರು ಅಂದಿರಬೇಕು, ಅಷ್ಟೇ.

ಪ್ರಭು ಭೋಜನಕ್ಕೆ ಎಲ್ಲರೂ ಮೊಣಕಾಲೂರಿದರು, ನಾನು ನಿಂತೇ ತೆಗೆದುಕೊಂಡೆ. ಕೀಲಿನ ನಡುವಿನ ಮೆತ್ತೆ ಸವೆದಿದೆ, ನೆಲದ ಮೇಲೆ ಕೂಡಲೇಬೇಡಿ ಅಂತ ಡಾಕ್ಟರು ಹೇಳಿ ಒಂದು ವರ್ಷವಾಯಿತು. ಅದಕ್ಕೆ ಈಗ ಅಳು ಬರುವುದಿಲ್ಲ. ಮೊದಮೊದಲು ಬರುತ್ತಿತ್ತು.

ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ನಮ್ಮ ಸಭೆಯ ಕೌಲ್ ಬಜಾರಿನ ಅಕ್ಕ ಮಗಳಿಗಾಗಿ ಕಾಯುತ್ತ ಕೂತಿದ್ದಳು. ಹನ್ನೆರಡು ಮಂದಿಯಲ್ಲಿ ಅವಳೂ ಇದ್ದಳು. ನನ್ನನ್ನು ಕಂಡವಳೇ ಸರಿದು ಜಾಗ ಕೊಟ್ಟಳು.

"ನಿನ್ನ ಹೆಸರೂ ಇತ್ತಂತಲ್ಲ. ಯಾಕ ಕುಂದ್ರಲಿಲ್ಲ?"

"ಕಾಲು ಸರಿ ಇಲ್ಲಕ್ಕ."

ಅವಳು ಮಾತಾಡದೆ ಬಲಗಾಲಿನ ಚಪ್ಪಲಿ ಬಿಟ್ಟು ತೋರಿಸಿದಳು. ಕಿರುಬೆರಳಿಲ್ಲ. ಸಕ್ಕರೆ ಕಾಯಿಲೆಯ ಗಾಯ ಮಾಯದೆ ಹೋದ ವರ್ಷ ತೆಗೆದಿದ್ದು ನನಗೆ ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ.

"ನರ ಸತ್ತಾವ, ಮುಳ್ಳು ಚುಚ್ಚಿದ್ರೂ ತಿಳಿಯಂಗಿಲ್ಲ. ದಿನಾ ಪಾದ ನೋಡ್ಕೊಳ್ರಿ ಅಂತಾರ ಡಾಕ್ಟರು. ಬಗ್ಗಾಕ ಬರಂಗಿಲ್ಲ, ಕಣ್ಣು ಕಾಣಂಗಿಲ್ಲ, ನಾ ಹೆಂಗ ನೋಡ್ಲಿ? ನನ್ನ ಪಾದ ನಾ ನೋಡಿ ಎಲ್ಡು ವರ್ಷಾತು. ಮಗಳೇ ನೋಡ್ತಾಳ, ಬೆರಳ ಸಂದಿ ಸಂದಿ."

"ಅಯ್ಯನವರು ತೊಳೆಯೋವಾಗ ನಾಚಿಕಿ ಆಗಲಿಲ್ಲೇನಕ್ಕ?"

"ಆತು. ಕಾಲು ಹಿಂದಕ್ಕ ಎಳ್ಕೊಂಡೆ ಕೂಡ. ಅವ್ರು ಬಿಡಲಿಲ್ಲ. ಬೆರಳು ಹೋದ ಜಾಗಕ್ಕ ನೀರು ಹಾಕಿ ಮೆತ್ತಗ ಒರೆಸಿದ್ರು." ಸ್ವಲ್ಪ ಹೊತ್ತು ಸುಮ್ಮನಾದಳು. "ಆವಾಗ ನಮ್ಮವ್ವ ನೆನಪಾದ್ಳು. ಕಡೀ ಮೂರು ವರ್ಷ ಆಕಿ ಕಾಲು ನಾನೇ ತೊಳೀತಿದ್ದೆ. ನಾನು ಎಷ್ಟು ಸೇವಾ ಮಾಡೀನಿ ಅಂತ ನನಗ ಒಂದು ಹೆಮ್ಮಿ ಇತ್ತು. ಆಕಿ ಒಂದಿನಾನೂ ಬ್ಯಾಡ ಅಂದಿರಲಿಲ್ಲ, ಕಾಲು ಕೊಡ್ತಿದ್ಳು. ಹಂಗ ಕೊಡಾಕ ಆಕಿಗೆ ಎಷ್ಟು ಕಷ್ಟ ಆಗಿದ್ದೀತು ಅಂತ ಇವತ್ತು ತಿಳೀತು ನೋಡು."

ಮಗಳು ಆಟೋ ತಂದಳು, ಅಕ್ಕ ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಹಿರಿಯರ ಬಗ್ಗೆ ಪ್ರಸಂಗ ಮಾಡುವವರು ಯಾವಾಗಲೂ ಬೈಬಲಿನ ಕಾಲೇಬನನ್ನೇ ಯಾಕೆ ಹಿಡಿಯುತ್ತಾರೆ? ಎಂಭತ್ತೈದರಲ್ಲೂ ನನ್ನ ಬಲ ಹಾಗೇ ಇದೆ, ಬೆಟ್ಟ ಕೊಡು ಅಂದವನು ಅವನು. ಕೇಳಿ ಮನೆಗೆ ಬಂದರೆ ಮೆಟ್ಟಿಲು ಹತ್ತಲಾರದ ನಮಗೆ ವಿಶ್ವಾಸವೇ ಕಡಿಮೆಯಾಯಿತೇನೋ ಅನ್ನಿಸುತ್ತದೆ. ಯಾಕೋಬನೂ ಇದ್ದಾನಲ್ಲ. ದೇವರೊಡನೆ ಹೋರಾಡಿ ತೊಡೆಯ ಕೀಲು ತಪ್ಪಿ ಕುಂಟಿದವನು, ಸಾಯುವ ಕಾಲಕ್ಕೆ ಕೋಲಿನ ತುದಿಗೆ ಒರಗಿಕೊಂಡು ಆರಾಧಿಸಿದನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿದೆ. ಅವನು ನನಗೆ ಹತ್ತಿರದವನು.

ಮನೆಗೆ ಬಂದು ದಪ್ಪ ಅಕ್ಷರದ ಬೈಬಲ್ ತೆಗೆದು ಅದೇ ಸುವಾರ್ತೆಯ ಕೊನೆಯ ಅಧ್ಯಾಯಕ್ಕೆ ಹೋದೆ. ಅಲ್ಲೂ ಪೇತ್ರನೇ. ಯೌವನದಲ್ಲಿ ನೀನೇ ನಡುಕಟ್ಟಿಕೊಂಡು ಬೇಕಾದ ಕಡೆ ಹೋಗುತ್ತಿದ್ದೆ, ಮುದುಕನಾದಾಗ ಕೈ ಚಾಚುವೆ, ಬೇರೊಬ್ಬನು ನಿನಗೆ ನಡುಕಟ್ಟುವನು ಅಂತ ಕರ್ತನು ಹೇಳುತ್ತಾನೆ. ಅದು ಪೇತ್ರನು ಪಡಲಿದ್ದ ಮರಣದ ಮಾತು, ಮುಂದಿನ ವಚನದಲ್ಲೇ ಬಿಡಿಸಿ ಬರೆದಿದೆ. ಆದರೂ ಇವತ್ತು ನನಗೆ ಕಂಡದ್ದು ನನ್ನ ಸೀರೆ. ಭುಜ ಹಿಡಿದುಕೊಂಡ ಎರಡು ತಿಂಗಳಿಂದ ನೆರಿಗೆ ಹಿಡಿದು ಸಿಕ್ಕಿಸುವವಳು ಸೊಸೆ. ದಿನಾ ಬೆಳಿಗ್ಗೆ ಒಂದು ಮಾತಾದರೂ ಗೊಣಗುತ್ತೇನೆ: ಮೇಲಾಯಿತು, ಕೆಳಗಾಯಿತು, ಬಿಗಿಯಾಯಿತು. ನೆರಿಗೆಯಲ್ಲಿ ಏನೂ ತಪ್ಪಿರುವುದಿಲ್ಲ. ಕೈ ಚಾಚಿ ನಿಲ್ಲುವುದೇ ನನಗೆ ಆಗದು.

ಇದೇ ಪೇತ್ರ ಊಟದ ಮನೆಯಲ್ಲಿ ಕಾಲು ಕೊಡಲು ಒಪ್ಪದವನು. ಈ ಎರಡನ್ನೂ ಸೇರಿಸಿ ಒಂದು ಸಲವೂ ಓದಿರಲಿಲ್ಲವಲ್ಲ ನಾನು.

ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಬಳ್ಳಾರಿಗೆ ಬಂದು ಕನ್ನಡ ಕಲಿತು, ಪೂರ್ತಿ ಬೈಬಲ್ ಕನ್ನಡದಲ್ಲಿ ಹೊರಬರುವಷ್ಟರಲ್ಲಿ 1831 ಆಗಿತ್ತು. ಬಾಯಿಪಾಠದ ವಚನ ತಲೆಗೆ ಹತ್ತುವುದಿಲ್ಲ ಅಂತ ಮಕ್ಕಳು ಅತ್ತಾಗ ಇಪ್ಪತ್ತೊಂದು ವರ್ಷದ ಈ ಕಥೆ ಹೇಳಿ ಸಮಾಧಾನ ಮಾಡುತ್ತಿದ್ದೆ. ಇವತ್ತು ನನಗೇ ಹೇಳಿಕೊಂಡೆ.

ನಾಳೆ ಶುಭ ಶುಕ್ರವಾರ, ಹನ್ನೆರಡರಿಂದ ಮೂರರವರೆಗೆ ಆರಾಧನೆ. ಗೋಡೆ ಪಕ್ಕದ ಕುರ್ಚಿ ಇಟ್ಟಿರಲು ಹೇಳಬೇಕು. ಅಕ್ಕನನ್ನು ನಮ್ಮ ಆಟೋದಲ್ಲೇ ಕರೆದುಕೊಂಡು ಹೋದರಾಯಿತು. ಬಿಳಿ ಸೀರೆಗೆ ಇಸ್ತ್ರಿ ಆಗಿಲ್ಲ.

ನೀರು ಆರಿದೆ. ನಮ್ಮವ್ವನ ಕಾಲು ಹೇಗಿತ್ತು ಅಂತ ಆಗಿನಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಕೊನೆಗಾಲದಲ್ಲಿ ಹೊಸಪೇಟೆಯಲ್ಲಿ ಅಣ್ಣನ ಮನೆಯಲ್ಲಿದ್ದಳು, ನಾನು ರಜೆಗೆ ಹೋಗಿ ಬರುತ್ತಿದ್ದೆ, ಅತ್ತಿಗೆಯೇ ಎಲ್ಲ ಮಾಡಿದರು. ಎಡಗಾಲಿನ ಹೆಬ್ಬೆರಳ ಉಗುರು ಎಡವಿ ಕಪ್ಪಾಗಿತ್ತು. ಎಡಗಾಲೋ ಬಲಗಾಲೋ, ಬೆಳಿಗ್ಗೆ ಅತ್ತಿಗೆಗೆ ಫೋನ್ ಮಾಡಿ